ಅತ್ತಿಗೆಗೆ ಸಿಗದ ಗುಂಡಿ

ಮುದ್ರಣದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದು ಅಕ್ಕನ ಕಸುಬು. ಬೀದಿಗೆಲ್ಲ ಅವಳು ಅಕ್ಕನೇ. ಅವಳು ಬಳಸುವ ತಂತ್ರಾಂಶ ಮುಕ್ತವಾದದ್ದು, ಯಾರೂ ಕಾಸು ಕೇಳುವುದಿಲ್ಲ. ಬಳಸುವವರೇ ಸೇರಿಕೊಂಡು ಅದಕ್ಕೆ ಅಂತರ್ಜಾಲದಲ್ಲಿ ಸಹಾಯಪುಟಗಳನ್ನು ಬರೆಯುತ್ತಾರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುವುದು ಅಲ್ಲಿನ ಪದ್ಧತಿ. ಕಿರುಪುಸ್ತಕ ಮಾಡುವುದು ಹೇಗೆ ಎಂಬ ಪುಟ ಅಕ್ಕನದು. ಅದರ ಮೇಲೆ ಅವಳಿಗೆ ಹೆತ್ತ ಕೂಸಿನ ಮೋಹ. ‘ನೀವು ಹೇಳಿದ ಗುಂಡಿ ಪರದೆಯ ಮೇಲೆ ಸಿಗುತ್ತಿಲ್ಲ’ ಎಂದು ಯಾರೋ ಅಲ್ಲಿ ಕೇಳಿದ್ದಕ್ಕೆ, ‘ಮೇಲೆ ಎಡಗಡೆ ಇದೆ, ಕಣ್ಣು ಬಿಟ್ಟು ನೋಡಿ’ ಎಂದು ಉತ್ತರಿಸಿದ್ದಳು. ಕೋಪ ಮೂಗಿನ ತುದಿಯಲ್ಲೇ.

ಅವಳ ಅತ್ತಿಗೆ, ಅಣ್ಣನ ಹೆಂಡತಿ, ಮೂವತ್ತು ವರ್ಷ ಹೊಲಿಗೆ ಕಲಿಸಿ ನಿವೃತ್ತಳಾದವಳು. ತನ್ನ ಅಳತೆಯ ಲೆಕ್ಕಗಳನ್ನೆಲ್ಲ ಒಂದು ಪುಸ್ತಕ ಮಾಡಬೇಕೆಂಬುದು ಅವಳ ಬಹುದಿನದ ಆಸೆ. ಅಕ್ಕನ ಪುಟವನ್ನೇ ನಂಬಿ ತನ್ನ ಮನೆಯ ಕಂಪ್ಯೂಟರಿನ ಮುಂದೆ ಕೂತಳು. ವಾರ ಕಳೆಯುವಷ್ಟರಲ್ಲಿ ಅದರ ಮೇಲೆ ಬಟ್ಟೆ ಹೊದಿಸಿಬಿಟ್ಟಳು.

“ಇದು ನನ್ನ ತಲೆಗೆ ಹತ್ತಲ್ಲ ಬಿಡೇ. ವಯಸ್ಸಾಯ್ತು.”

“ಅದೇನ್ ಅತ್ತಿಗೆ, ಇಷ್ಟಕ್ಕೆಲ್ಲ! ಬನ್ನಿ, ನಾನು ತೋರಿಸ್ತೀನಿ.”

ಅಕ್ಕ ಬಟ್ಟೆ ತೆಗೆದು, ಗತ್ತಿನಿಂದ ಮೇಲೆ ಎಡಗಡೆ ನೋಡಿದಳು. ಗುಂಡಿ ಇಲ್ಲ. ಕಣ್ಣು ಬಿಟ್ಟು ನೋಡಿದಳು, ಆಗಲೂ ಇಲ್ಲ. ಆಮೇಲೆ ನೆನಪಾಯಿತು: ಕೈಗೆ ಸುಲಭವಾಗಲೆಂದು ಯಾವುದೋ ಕಾಲದಲ್ಲಿ ತನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಅದನ್ನು ಅಲ್ಲಿಗೆ ಎಳೆದಿಟ್ಟವಳು ತಾನೇ. ಉಳಿದವರಿಗೆಲ್ಲ ಅದು ಮೂರನೆಯ ಮೆನು ಪಟ್ಟಿಯೊಳಗೆ ಅಡಗಿ ಕೂತಿದೆ. ಪಳಗಿದವರು ಆ ಪುಟ ಓದುತ್ತಿರಲಿಲ್ಲ; ಹೊಸಬರು ತಪ್ಪು ತಮ್ಮದೇ ಎಂದುಕೊಂಡು ಹೋಗಿಬಿಡುತ್ತಿದ್ದರು. ದೀಪದ ಬುಡದಲ್ಲಿ ಕತ್ತಲೆ! ಅಕ್ಕನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ಗುಂಡಿ ಇಲ್ಲಿ ಇಲ್ಲವೇ ಇಲ್ಲ ಅತ್ತಿಗೆ. ತಪ್ಪು ನಂದು.”

“ಅಯ್ಯೋ ನಿನ್ನ! ಒಂದು ವಾರ ನನ್ನನ್ನೇ ನಾನು ಬೈಕೊಂಡೆನಲ್ಲೇ!”

ಇಬ್ಬರೂ ನಕ್ಕರು. ಆ ಮಧ್ಯಾಹ್ನವೆಲ್ಲ ಅತ್ತಿಗೆ ಓದುತ್ತ ಮಾಡುವುದು, ತಡವರಿಸಿದ ಕಡೆ ಅಕ್ಕ ತಿದ್ದಿ ಬರೆಯುವುದು. ಹಳೆಯ ಉತ್ತರದ ಕೆಳಗೆ ‘ಕ್ಷಮಿಸಿ, ನೀವು ಹೇಳಿದ್ದೇ ಸರಿ’ ಎಂದೂ ಸೇರಿಸಿದಳು. ಸಂಜೆಗೆ ಹೊಲಿಗೆ ಪುಸ್ತಕದ ಮೊದಲ ಎಂಟು ಪುಟ ಮಡಿಕೆಗೆ ಸರಿಯಾಗಿ ಅಚ್ಚಾಗಿ ಬಂದವು. ಅತ್ತಿಗೆ ಅದನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

ಸಹಾಯಪುಟದ ಬುಡದಲ್ಲಿ ಬರೆದವರ ಹೆಸರು ಹಾಕುವ ಜಾಗವಿತ್ತು. ಅಕ್ಕ ತನ್ನ ಹೆಸರಿನ ಪಕ್ಕದಲ್ಲಿ ಅತ್ತಿಗೆಯನ್ನೂ ‘ಹೊಲಿಗೆ ಟೀಚರ್’ ಎಂದು ಸೇರಿಸಿದಳು.

“ನಾನೆಲ್ಲಿ ಬರೆದೆನೇ? ಸಿಗಲಿಲ್ಲ ಅಂದೆ, ಅಷ್ಟೇ.”

“ಬೇರೆ ಯಾರೂ ನನ್ನ ಪಕ್ಕ ಕೂತು ಹಾಗೆ ಹೇಳಿರಲಿಲ್ಲ, ಅತ್ತಿಗೆ.”