ಹತ್ತು ನಿಮಿಷ ಮುಂದಿದ್ದ ರೈಲ್ವೆ ವಾಚು

ತೊಂಬತ್ತರ ದಶಕದಲ್ಲಿ ಅಮೆರಿಕದ ರಾಲಿ ಊರಿನ ಫ್ಲೀ ಮಾರ್ಕೆಟ್ಟಿನಲ್ಲಿ, ಅಂದರೆ ಹಳೆ ಸಾಮಾನಿನ ಸಂತೆಯಲ್ಲಿ, ಹಳೆಯ ಅಮೆರಿಕನ್ ರೈಲ್ವೆ ಜೇಬುಗಡಿಯಾರ ಕೊಂಡೆ. ಕೀ ಕೊಡುವಾಗ ಮುಳ್ಳು ಅಕಸ್ಮಾತ್ ಸರಿಯಬಾರದೆಂದು, ಗಾಜಿನ ಮುಚ್ಚಳ ಬಿಚ್ಚಿ ಒಳಗಿನ ಸಣ್ಣ ಕಡ್ಡಿ ಎಳೆದರೆ ಮಾತ್ರ ಟೈಮ್ ಬದಲಾಗುವಂತೆ ರೈಲಿನವರಿಗಾಗಿಯೇ ಮಾಡಿದ್ದರು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ಮನೆಗೆ ಬಂದವರಿಗೆಲ್ಲ ಮೇಷ್ಟರ ಹಾಗೆ ಅದನ್ನು ಬಿಚ್ಚಿ ತೋರಿಸುತ್ತಿದ್ದೆ.

ಒಂದು ಭಾನುವಾರ ಡಾಕ್ಟರ್ ಗೆಳೆಯರೊಬ್ಬರು ತಮ್ಮ ಹಳೆಯ ಮಿಲಿಟರಿ ಕೈಗಡಿಯಾರ ಕಟ್ಟಿಕೊಂಡು ಬಂದರು. ಯಾರ ಟೈಮ್ ತಪ್ಪೋ ಅವರೇ ಕಾಫಿ ಮಾಡಬೇಕೆಂದು ಪಂಥ ಕಟ್ಟಿದೆವು. ರೇಡಿಯೊ ಕೇಳಿದರೆ ನನ್ನದು ಹತ್ತು ನಿಮಿಷ ಮುಂದಿತ್ತು.

"ನಿಮ್ಮ ರೈಲು ಪ್ಯಾಸೆಂಜರ್ಸ್‌ನ ಬಿಟ್ಟೇ ಹೋಯ್ತಲ್ರೀ," ಎಂದರು ಡಾಕ್ಟರು.

"ಟೆಂಪಲ್‌ಗೆ ಲೇಟ್ ಆಗ್ಬಾರ್ದು ಅಂತ ಮನೆ ಗಡಿಯಾರದ ಜೊತೆ ಇದನ್ನೂ ಮುಂದಿಟ್ಟೆ," ಎಂದಳು ಹೆಂಡತಿ. "ಹೇಗೆ ಅಂತ ನೀವೇ ಪಾಠ ಮಾಡಿದ್ದಲ್ವಾ?"

ವಾಚು ಸೆಕೆಂಡೂ ತಪ್ಪದೆ ಹತ್ತೇ ನಿಮಿಷ ಮುಂದಿದೆ ನೋಡಿ ಎಂದು ಹಾಲು ಕಾಯಿಸುತ್ತ ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.