ತೊಲೆಗೆ ಕಿವಿಗೊಟ್ಟವರು

ನಮ್ಮ ಮನೆಯ ಓನರ್ ಅಜ್ಜನ ಬಲಗಿವಿಯಲ್ಲಿ ಯಾವಾಗಲೂ ಮರದ ಧೂಳು ಕೂತಿರುತ್ತಿತ್ತು. ಅವರು ಕೆಳಗೆ, ನಾವು ಮೇಲೆ. ಪ್ರತಿ ಶನಿವಾರ ಬೆಳಿಗ್ಗೆ ಮರದ ಸುತ್ತಿಗೆ ಹಿಡಿದು ಬಂದು, ಸ್ಟೂಲು ಹತ್ತಿ, ಒಂದೊಂದೇ ತೊಲೆ ತಟ್ಟಿ ಕಿವಿ ಹಚ್ಚಿ ಕೇಳುತ್ತಿದ್ದರು. ಪ್ರಾಯದಲ್ಲಿ ಇಂಗ್ಲೆಂಡಿನ ಹಳೇ ಮರದ ಮನೆಗಳನ್ನು ರಿಪೇರಿ ಮಾಡಿದ್ದ ಬಡಗಿ. ಐಂಡ್‌ಹೋವನ್ ಪಕ್ಕದ ಡಚ್ ಊರು ಬೆಸ್ಟ್‌ನ ಈ ಮನೆಯೂ ಅದೇ ಜಾತಿಯದು: ಓಕ್ ಕಂಬ, ಓಕ್ ತೊಲೆ, ನಡುವೆ ಮಣ್ಣು ಮೆತ್ತಿದ ತಡಿಕೆ ಗೋಡೆ. ಕಬ್ಬಿಣದ ಮೊಳೆ ಹುಡುಕಿದರೂ ಸಿಗದು, ಎಲ್ಲ ಮರದ ಗೂಟ.

ನನಗೋ ಆ ಮನೆಯೆಂದರೆ ಭಯ. ಗಾಳಿ ಬೀಸಿದರೆ ಸಾಕು, ಇಡೀ ಮಾಳಿಗೆ ಕಿರ್ರೆನ್ನುತ್ತಿತ್ತು. "ಮೈ ಮುರೀತಿದೆ ಅಷ್ಟೇ. ಸದ್ದು ಮಾಡೋ ಮನೆಗೆ ಹೆದರಬೇಡ," ಎನ್ನುತ್ತಿದ್ದರು ಅಜ್ಜ. ತೊಲೆ ಗೋಡೆಯೊಳಗೆ ಹೋಗುವ ಸಂದಿಯಿಂದ ಚಳಿಗಾಳಿ ನುಗ್ಗುತ್ತಿತ್ತು. ಬಂದ ವರ್ಷವೇ, ಅವರಿಗೆ ಹೇಳದೆ, ಸಂದಿಗಳಿಗೆಲ್ಲ ಸಿಲಿಕೋನ್ ಅಂಟು ಮೆತ್ತಿ ಮೇಲೆ ಕಂದು ಬಣ್ಣ ಬಳಿದೆ. ಐಂಡ್‌ಹೋವನ್‌ನಲ್ಲಿ ಇಂಜಿನಿಯರ್ ನಾನು, ಇಷ್ಟೂ ಗೊತ್ತಾಗದೇ ಎಂಬ ಜಂಬ ಬೇರೆ.

ಎರಡು ವರ್ಷದ ಮೇಲೆ ಮಗು ಹುಟ್ಟಿತು. ಅಮ್ಮ ಮೈಸೂರಿನಿಂದ ಬಂದು, "ಕೂಸನ್ನ ಸೀರೇಲಿ ತೂಗದೆ ಮಲಗಿಸ್ತಾರೇನೇ?" ಎಂದು ತನ್ನ ಹಳೇ ಸೀರೆ ತೆಗೆದಳು. ಸೀರೆ ಕಟ್ಟಲು ತೊಲೆ ಆರಿಸಿಕೊಟ್ಟವರು ಅಜ್ಜನೇ. ಮೊದಲು ತಾವೇ ಮಂಡಿ ಮಡಚಿ ಸೀರೆಯೊಳಗೆ ಕೂತು ನೋಡಿದರು. ಅಮ್ಮ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು.

ಮಗುವಿಗೆ ಏಳು ತಿಂಗಳು. ಅವತ್ತೂ ಶನಿವಾರ. ಕೂಸು ಸೀರೆಯಲ್ಲಿ ನಿದ್ದೆಹೋಗಿತ್ತು. ಅಜ್ಜ ಆ ತೊಲೆಯ ತುದಿ ತಟ್ಟಿದರು, ನಿಂತರು, ಮತ್ತೆ ತಟ್ಟಿದರು. ಸ್ಟೂಲಿನಿಂದ ಇಳಿದು, ಎರಡೂ ಕೈ ಸೀರೆಯ ಅಡಿಗೆ ಕೊಟ್ಟು, ಮೆಲ್ಲಗೆ ಹೇಳಿದರು: "ಮಗೂನ ಎತ್ಕೋ. ಈಗಲೇ." ಎತ್ತಿಕೊಂಡವಳು ಬೀದಿಯವರೆಗೂ ಓಡಿದೆ.

ಅಜ್ಜ ಸಂದಿಯ ಸಿಲಿಕೋನ್ ಕೆರೆದಾಗ ಒಳಗಿನ ಓಕ್ ನೆನೆಸಿದ ಅವಲಕ್ಕಿಯ ಹಾಗೆ ಬೆರಳಿಗೇ ಬಂತು. ಮಾಡಿದ್ದನ್ನು ಒಪ್ಪಿಕೊಂಡೆ, ಬೈಯುತ್ತಾರೆಂದು ಕಾದೆ.

"ಗೋಡೆ ತೇವಕ್ಕೆ ಮರ ನೆನೆಯುತ್ತೆ, ಗಾಳಿಗೆ ಒಣಗುತ್ತೆ. ನೀನು ಗಾಳೀನೇ ನಿಲ್ಲಿಸಿಬಿಟ್ಟೆ," ಎಂದರು. ಬೆರಳಿಗಂಟಿದ್ದನ್ನು ಒರೆಸಿಕೊಳ್ಳುತ್ತ ಮತ್ತೆ ಅಂದರು, "ಚಳಿ ಆಗ್ತಿದೆ ಅಂತ ನನಗೆ ಹೇಳಬಹುದಿತ್ತು."

ಕೊಳೆತ ತುದಿ ಕತ್ತರಿಸಿ ಹೊಸ ಓಕ್ ಜೋಡಿಸಲು ಅವರಿಗೆ ಮೂರು ವಾರ ಹಿಡಿಯಿತು. ಆ ಮೂರೂ ವಾರ ಅವರ ಮುಖ ನೋಡಲು ನನಗೆ ನಾಚಿಕೆ.

ಈ ವಸಂತದಲ್ಲಿ ಅವರು ತೀರಿಕೊಂಡರು. ಸುತ್ತಿಗೆ ನನಗೇ ಕೊಡಬೇಕೆಂದಿದ್ದರಂತೆ. ಅವರ ಮಗಳು ತಂದುಕೊಟ್ಟಳು. ಶನಿವಾರ ಸ್ಟೂಲು ಹತ್ತಿ ತಟ್ಟುತ್ತೇನೆ, ಕಿವಿ ಹಚ್ಚುತ್ತೇನೆ. ಕೆಳಗೆ ಮಗು ಆಡುತ್ತಿರುತ್ತದೆ. ಸದ್ದೇನೋ ಕೇಳಿಸುತ್ತದೆ. ಒಳ್ಳೆಯದೋ ಕೆಟ್ಟದ್ದೋ, ನನಗೆ ತಿಳಿಯುವುದಿಲ್ಲ.