ಕುಂಕುಮ ಹತ್ತಿದ ಫ್ರೆಂಚ್ ಬೆಳ್ಳಿ

ಹೋದ ತಿಂಗಳು ಪ್ಲೆಸೆಂಟನ್‌ನ ಹಳೆ ಸಾಮಾನಿನ ಅಂಗಡಿಯೊಂದರ ಗಾಜಿನ ಪೆಟ್ಟಿಗೆಯಲ್ಲಿ ಆ ನಾಣ್ಯ ಕಂಡಿತು. ದೊಡ್ಡ ಬೆಳ್ಳಿ ನಾಣ್ಯ. ಅದರ ಮೇಲೆ ತಲೆಯ ಸುತ್ತ ಕಿರಣಗಳಿದ್ದು ಗಂಭೀರವಾಗಿ ಕೂತ ಹೆಂಗಸು. ವಿಯೆಟ್ನಾಂ ಫ್ರೆಂಚರ ಕೈಯಲ್ಲಿದ್ದಾಗ ಅಲ್ಲಿ ಚಲಾವಣೆಯಲ್ಲಿದ್ದದ್ದು. ನೋಡಿದೊಡನೆ ಮೂಗಿಗೆ ನೀಲಗಿರಿ ಎಣ್ಣೆಯ ಘಾಟು ಬಂದಂತಾಯಿತು...

ಡಾಟ್‌ಕಾಮ್ ಭರಾಟೆಯ ದಿನಗಳು. ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ವಿಯೆಟ್ನಾಂನ ಅಜ್ಜಿಯೊಬ್ಬರಿದ್ದರು. ನನಗೆ ಜ್ವರ ಬಂದಾಗ ಕರೆಯದೆಯೇ ಬಂದು, ಬೆನ್ನಿಗೆ ಎಣ್ಣೆ ಹಚ್ಚಿ, ಇಂಥದೇ ನಾಣ್ಯದ ಅಂಚಿನಿಂದ ಉಜ್ಜಿದರು. ಅದು ಅವರ ನಾಡಿನ ಮನೆಮದ್ದು. ಬೆನ್ನೆಲ್ಲ ಕೆಂಪು ಗೆರೆ. ನಿದ್ದೆಯಂತೂ ಚೆನ್ನಾಗಿ ಬಂತು. ನಾಳೆಯೂ ಉಜ್ಜುತ್ತೇನೆಂದು ಸನ್ನೆ ಮಾಡಿ ನಾಣ್ಯವನ್ನು ಟೇಬಲ್ ಮೇಲೆ ಬಿಟ್ಟು ಹೋದರು.

ಆಗ ಮೈಸೂರಿನಿಂದ ಬಂದಿದ್ದ ಅಮ್ಮ ಅದನ್ನು ಕೈಗೆತ್ತಿಕೊಂಡು, "ಲಕ್ಷ್ಮಿ ಕಣೇ! ಕೂತಿರೋ ಗತ್ತು ನೋಡು" ಎಂದಳು. ಅದು ಫ್ರೆಂಚರ ಹೆಂಗಸು ಎಂದರೂ ಕೇಳದೆ ಕುಂಕುಮವಿಟ್ಟು ದೇವರ ಗೂಡಿನಲ್ಲಿ ಇಟ್ಟೇಬಿಟ್ಟಳು. ವಾಪಸು ಕೇಳಿದರೆ, "ಪೂಜೆಗಿಟ್ಟಿದ್ದನ್ನ ಮೈಗೆ ಉಜ್ಜೋಕೆ ಕೊಡ್ತಾರೇನೇ?" ಎಂದಳು. ಮರುದಿನ ಅಜ್ಜಿ ಬಂದಾಗ, ಜ್ವರ ಬಿಟ್ಟಿತೆಂದು ಹೇಳಿ ಬಾಗಿಲಲ್ಲೇ ಸಾಗಹಾಕಿದೆ. ಹಾಗೇ ಹತ್ತು ದಿನ ಕಳೆಯಿತು. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಒಂದು ಶನಿವಾರ ಬೆಳಗ್ಗೆ ಅಜ್ಜಿಯೇ ಶಾಲು ಹೊದ್ದು, ಎಣ್ಣೆಯ ಶೀಶೆ ಹಿಡಿದು, ನಡುಗುತ್ತ ಬಂದರು. ದೇವರ ಗೂಡಿನಲ್ಲಿದ್ದ ನಾಣ್ಯದತ್ತ ಕೈ ತೋರಿಸಿ, "ಮೈ ಮದರ್... ಮೈ ಮದರ್" ಎಂದರು. ಊರು ಬಿಟ್ಟು ಬರುವಾಗ ಅಜ್ಜಿ ತಂದದ್ದು ಅದೊಂದೇ ಎಂದು ಅವರ ಮಗ ಹಿಂದೊಮ್ಮೆ ಹೇಳಿದ್ದ.

"ಏನಂತೆ?" ಎಂದಳು ಅಮ್ಮ.

"ಅವರಮ್ಮಂದಂತೆ."

ಅಮ್ಮ ತಕ್ಷಣ ದೇವರ ಗೂಡಿನ ಹತ್ತಿರ ಹೋದಳು. ನಾಣ್ಯ ತಂದು ಸೆರಗಿನಲ್ಲಿ ಒರೆಸಿ, ಅಜ್ಜಿಯ ಹಣೆ ಮುಟ್ಟಿ ನೋಡಿದಳು. "ಅಯ್ಯೋ, ಮೈ ಸುಡ್ತಾ ಇದೆ. ಬನ್ನಿ, ತಿರುಗಿ ಕೂತ್ಕೊಳ್ಳಿ" ಎಂದು ಕನ್ನಡದಲ್ಲೇ ಹೇಳಿದಳು. ಅಜ್ಜಿ ತಿರುಗಿ ಕೂತರು. ಅಮ್ಮನೇ ಉಜ್ಜಿದಳು. ನಾಣ್ಯ ಅಜ್ಜಿಯ ಜೊತೆಗೇ ಹೋಯಿತು; ಅಕ್ಷರಗಳ ಸಂದಿಯಲ್ಲಿ ಸೇರಿದ್ದ ಕುಂಕುಮ ಮಾತ್ರ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ.

ಕಂಪನಿಗಳು ಮುಚ್ಚತೊಡಗಿದಾಗ ಅಜ್ಜಿಯ ಮಗನ ಕೆಲಸವೂ ಹೋಯಿತು. ಒಂದು ಸಂಜೆ ನಾನು ಆಫೀಸಿನಿಂದ ಬರುವಷ್ಟರಲ್ಲಿ ಅವರ ಮನೆ ಖಾಲಿ. ಎಲ್ಲಿಗೆ ಹೋದರೋ... ಮೈಸೂರಿಗೆ ಮರಳಿದ್ದ ಅಮ್ಮ ಫೋನಿನಲ್ಲಿ ಪ್ರತಿ ಸಲ ಕೇಳುತ್ತಿದ್ದಳು: "ಪಕ್ಕದ ಮನೆ ಅಜ್ಜಿ ಹುಷಾರಾಗಿದಾರಾ?" ಹ್ಞೂಂ, ಚೆನ್ನಾಗಿದ್ದಾರೆ ಎನ್ನುತ್ತಿದ್ದೆ. ಕೊನೆಯವರೆಗೂ ಅದೇ ಸುಳ್ಳು ಹೇಳಿದೆ.

ಅಂಗಡಿಯವನು ಪೆಟ್ಟಿಗೆ ತೆಗೆದು ನಾಣ್ಯವನ್ನು ನನ್ನ ಕೈಗಿಟ್ಟ. ಕನ್ನಡಕ ಹಾಕಿಕೊಂಡು ಅಕ್ಷರಗಳ ಸಂದಿಯಲ್ಲಿ ಕೆಂಪು ಹುಡುಕಿದೆ. ಇರಲಿಲ್ಲ. ಬೇರೆ ಯಾರದೋ ಇರಬೇಕು, ಅಜ್ಜಿ ತಮ್ಮದನ್ನು ಮಾರಿರಲಿಕ್ಕಿಲ್ಲ ಎಂದು ಸಮಾಧಾನವಾಯಿತು. ಅಮ್ಮನಿಗೆ ಹೇಳೋಣವೆಂದರೆ, ಅವಳು ಹೋಗಿ ಆರು ವರ್ಷವಾಯಿತು.